ಎಚ್‌ಐವಿ ಸೋಂಕು, ಸ್ನಾಯುಬಲ ಮತ್ತು ಬದುಕಿನ ಗುಣಮಟ್ಟ

ಎಚ್‌ಐವಿ ಸೋಂಕಿತರಲ್ಲಿ ಸ್ನಾಯುಗಳ ಗಾತ್ರವೂ ಬಲವೂ ಕುಂದುತ್ತವೆಂಬುದು ಈ ರೋಗದ ಮೊದಲ ದಿನಗಳಿಂದಲೂ ವೈದ್ಯರಿಗೆ ಗೊತ್ತಿರುವ ಸಂಗತಿ. ಹಿಂದೆ ಅದು ಸಾವಿನ ಮುನ್ಸೂಚನೆಯಾಗಿತ್ತು. ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆಗಳು ಬಂದ ಮೇಲೆ ಹಾಗಿಲ್ಲ. ಆದರೆ ರಕ್ತದಲ್ಲಿ ವೈರಸ್ ಪತ್ತೆಯಾಗದ, ರೋಗನಿರೋಧಕ ಶಕ್ತಿಯನ್ನು ಸೂಚಿಸುವ ಸಿಡಿ4 ಕಣಗಳ ಎಣಿಕೆ ತೃಪ್ತಿಕರವಾಗಿರುವ ವ್ಯಕ್ತಿಯೂ ನೆಲದಿಂದ ಏಳಲು ಗೋಡೆ ಹಿಡಿಯುವುದು, ಅರ್ಧ ದಿನದ ಕೂಲಿಗೇ ಸೋತು ಕೂರುವುದು ಈಗಲೂ ಇದೆ. ಚಿಕಿತ್ಸಾ ಕೇಂದ್ರದ ಕಡತದಲ್ಲಿ ಅಂಥವರ ತೂಕ ಇರುತ್ತದೆ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಇರುತ್ತದೆ. ಕೈಕಾಲಿನ ಕಸುವು ಎಷ್ಟೆಂಬುದು ಸಾಮಾನ್ಯವಾಗಿ ಎಲ್ಲೂ ದಾಖಲಾಗಿರುವುದಿಲ್ಲ. ತೂಕವನ್ನೇ ಆರೋಗ್ಯದ ಅಳತೆಯಾಗಿ ನಂಬುವ ಈ ರೂಢಿ ಬೆಳೆದದ್ದಕ್ಕೆ ಚಾರಿತ್ರಿಕ ಕಾರಣಗಳಿವೆ. ಈಗಿನ ರೋಗಿಗಳ ಮಟ್ಟಿಗೆ ಅದು ಸಾಲದು.

ಸೊರಗಿ ಸಾಯುತ್ತಿದ್ದ ಕಾಲ

ಏಡ್ಸ್‌ನ ಮೊದಲ ಪ್ರಕರಣಗಳು 1981ರ ಜೂನ್‌ನಲ್ಲಿ ಅಮೆರಿಕದಲ್ಲಿ ವರದಿಯಾದವು. ನಾಲ್ಕು ವರ್ಷಗಳ ಬಳಿಕ ಉಗಾಂಡದ ರಾಕಾಯಿ ಸೀಮೆಯಿಂದ ಬಂದ ವರದಿಯೊಂದು ಹಳ್ಳಿಯ ಜನ ‘ಸ್ಲಿಮ್’ ಎಂದು ಕರೆಯುತ್ತಿದ್ದ ಹೊಸ ಕಾಯಿಲೆಯನ್ನು ವಿವರಿಸಿತು. ತಿಂಗಳುಗಟ್ಟಲೆ ಭೇದಿ, ಬಿಟ್ಟೂಬಿಡದ ಜ್ವರ, ಎಲುಬು ಕಾಣುವಷ್ಟು ಸೊರಗುವಿಕೆ ಅದರ ಲಕ್ಷಣಗಳು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1987ರಲ್ಲಿ ಇದಕ್ಕೊಂದು ವ್ಯಾಖ್ಯೆ ಕೊಟ್ಟಿತು. ಬೇರೆ ಕಾರಣವಿಲ್ಲದೆ ದೇಹದ ತೂಕ ಶೇ. 10ಕ್ಕಿಂತ ಹೆಚ್ಚು ಇಳಿದಿರಬೇಕು. ಜೊತೆಗೆ 30 ದಿನ ಮೀರಿದ ಭೇದಿ ಇರಬೇಕು, ಇಲ್ಲವೆ ಅಷ್ಟೇ ಕಾಲದ ನಿಶ್ಶಕ್ತಿ ಮತ್ತು ಜ್ವರ ಇರಬೇಕು. ನಿಶ್ಶಕ್ತಿಯ ಪ್ರಸ್ತಾಪ ಅದರಲ್ಲಿದ್ದರೂ ಎಷ್ಟು ಕುಂದಿರಬೇಕೆಂದು ಅಂಕಿಯಲ್ಲಿ ಹೇಳಿದ್ದು ತೂಕದ ಬಗ್ಗೆ ಮಾತ್ರ.

ಉಪವಾಸದಿಂದ ಸೊರಗುವವನ ದೇಹ ಮೊದಲು ಕೊಬ್ಬನ್ನು ಉರಿಸಿ ಸ್ನಾಯುವನ್ನು ಆದಷ್ಟು ಕಾಯ್ದುಕೊಳ್ಳುತ್ತದೆ. ಮುಂದುವರಿದ ಎಚ್‌ಐವಿ ಸೋಂಕಿನಲ್ಲಿ ಈ ಕ್ರಮ ಕೆಡುತ್ತದೆ. ಕೊಬ್ಬು ಉಳಿದಿರುವಾಗಲೇ ಸ್ನಾಯು ಕರಗತೊಡಗುತ್ತದೆ. ನ್ಯೂಯಾರ್ಕಿನ ವೈದ್ಯ ಡೊನಾಲ್ಡ್ ಕೋಟ್ಲರ್ ಮತ್ತು ಸಂಗಡಿಗರು ರೋಗಿಗಳ ಶರೀರದ ಒಟ್ಟು ಪೊಟ್ಯಾಸಿಯಂ ಅಳೆದು, ಅದರ ಮೂಲಕ ಜೀವಕೋಶಗಳ ರಾಶಿಯನ್ನು ಲೆಕ್ಕಹಾಕಿದರು. 1989ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಈ ರಾಶಿ ಸಹಜ ಮಟ್ಟದ ಸುಮಾರು ಶೇ. 54ಕ್ಕೆ ಇಳಿಯುವ ಹೊತ್ತಿಗೆ ಸಾವು ಸಂಭವಿಸುತ್ತಿತ್ತು. ಯಾವ ಅವಕಾಶವಾದಿ ಸೋಂಕು ಬಂದಿದೆ ಎಂಬುದಕ್ಕಿಂತ ದೇಹ ಎಷ್ಟು ಸವೆದಿದೆ ಎಂಬುದೇ ಸಾವಿನ ಸಮಯವನ್ನು ಹೇಳುತ್ತಿತ್ತೆಂಬುದು ಆಗ ದೊಡ್ಡ ಅರಿವು.

ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ. ಪಶ್ಚಿಮದಲ್ಲಿ 1996ರ ಹೊತ್ತಿಗೆ ಬಹುಔಷಧ ಚಿಕಿತ್ಸೆ ಬಂದು ಸಾವುಗಳು ಇಳಿದರೆ ಇಲ್ಲಿ ಸರ್ಕಾರ ಅದನ್ನು ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್ 1ರಿಂದ. ನಡುವಿನ ವರ್ಷಗಳಲ್ಲಿ ಉತ್ತರ ಕರ್ನಾಟಕದ ಬಾಗಲಕೋಟೆ, ಬೆಳಗಾವಿ ಭಾಗದ ಹಳ್ಳಿಗಳು ಸೊರಗುವ ರೋಗದ ಪೂರ್ಣ ರೂಪವನ್ನು ಕಂಡವು. ತೆಳ್ಳಗಾದವರನ್ನೆಲ್ಲ ಅನುಮಾನದಿಂದ ನೋಡುವ ಚಾಳಿ ಹುಟ್ಟಿದ್ದು ಆಗಲೇ. ಕ್ಷಯ, ಸಕ್ಕರೆ ಕಾಯಿಲೆ, ಬರೀ ಬಡತನದಿಂದ ಬಡಕಲಾದವರೂ ಅದಕ್ಕೆ ತುತ್ತಾದರು.

ಬಲ ಕುಂದುವುದು ಎಲ್ಲಿ, ಏಕೆ

‘ಸುಸ್ತು’ ಎಂದು ರೋಗಿ ಹೇಳುವ ಒಂದೇ ಮಾತಿನ ಹಿಂದೆ ಎರಡು ಬೇರೆ ತೊಂದರೆಗಳಿರಬಹುದು. ಒಂದು ದಣಿವು: ಬಲ ಇದೆ, ಕೆಲಸಕ್ಕೆ ಏಳಲು ಆಗದು. ರಕ್ತಹೀನತೆ, ಖಿನ್ನತೆ, ಥೈರಾಯ್ಡ್ ಕೊರತೆ, ಎಫಾವಿರೆನ್ಜ್ ಗುಳಿಗೆಯಿಂದ ಕೆಟ್ಟ ನಿದ್ದೆ ಇವೆಲ್ಲ ಅದಕ್ಕೆ ಕಾರಣ. ಇನ್ನೊಂದು ನಿಜವಾದ ದೌರ್ಬಲ್ಯ: ಎಷ್ಟೇ ಮನಸ್ಸು ಮಾಡಿದರೂ ಸ್ನಾಯು ಬೇಕಾದಷ್ಟು ಬಲ ಹಾಕದು. ಎರಡೂ ಒಬ್ಬರಲ್ಲೇ ಇರಬಹುದಾದರೂ ಬೇರ್ಪಡಿಸದೆ ಚಿಕಿತ್ಸೆ ಸಾಧ್ಯವಿಲ್ಲ. ಟಾನಿಕ್ ಬರೆದು ಕಳಿಸುವುದು ಈ ಬೇರ್ಪಡಿಸುವ ಶ್ರಮವನ್ನು ತಪ್ಪಿಸಿಕೊಳ್ಳುವ ದಾರಿ.

ಸ್ನಾಯುವಿನಲ್ಲೇ ಉರಿಯೂತವಾಗುವ ಪಾಲಿಮಯೊಸೈಟಿಸ್ ಸೋಂಕಿನ ಯಾವುದೇ ಹಂತದಲ್ಲಿ, ಕೆಲವೊಮ್ಮೆ ಸೋಂಕಿನ ಮೊದಲ ಲಕ್ಷಣವಾಗಿಯೇ ಬರಬಹುದು. ವೈರಸ್ ಸ್ನಾಯುತಂತುವಿನೊಳಗೆ ನೆಲೆಸುವುದರಿಂದ ಇದಾಗುವುದಿಲ್ಲ. ಕೆರಳಿದ ರೋಗನಿರೋಧಕ ಕಣಗಳು ತಂತುಗಳ ಮೇಲೆ ಬೀಳುತ್ತವೆ. ಸೊಂಟ, ತೊಡೆ, ಭುಜಗಳ ದೊಡ್ಡ ಸ್ನಾಯುಗಳು ಮೊದಲು ಸೋಲುತ್ತವೆ. ಇದನ್ನು ಗುರುತಿಸಲು ಯಂತ್ರ ಬೇಡ. ಕುಕ್ಕರಗಾಲಲ್ಲಿ ಕುಳಿತವರನ್ನು ಎದ್ದು ನಿಲ್ಲಲು ಹೇಳಿದರೆ ಅವರು ಮೊದಲು ಕೈಗಳನ್ನು ನೆಲಕ್ಕೆ ಊರುತ್ತಾರೆ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ, ತಮ್ಮ ಮೈಯನ್ನೇ ಹಿಡಿದು ಹತ್ತುತ್ತಾ ನೇರವಾಗುತ್ತಾರೆ. ಬಿಂದಿಗೆಯನ್ನು ತಲೆಗೇರಿಸಲಾಗದು, ತಲೆ ಬಾಚಲು ಎತ್ತಿದ ಕೈ ಅರ್ಧಕ್ಕೇ ಇಳಿಯುತ್ತದೆ. ಆದರೆ ಗುಂಡಿ ಹಾಕಲು, ಬರೆಯಲು ತೊಂದರೆಯಿಲ್ಲ. ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಕಿಣ್ವ ಏರಿರುತ್ತದೆ. ಸ್ಟೆರಾಯ್ಡ್‌ಗೆ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ.

ಹೆಚ್ಚುಕಡಿಮೆ ಇದೇ ಚಿತ್ರವನ್ನು ಮೊದಲ ಎಚ್‌ಐವಿ ಔಷಧವೂ ಸೃಷ್ಟಿಸಿತು. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜಿಡೊವುಡಿನ್ ಅನ್ನು ಆಗ ಈಗಿನ ಎರಡು ಪಟ್ಟಿಗೂ ಮೀರಿದ ಪ್ರಮಾಣದಲ್ಲಿ ಕೊಡುತ್ತಿದ್ದರು. ಹಲವು ತಿಂಗಳು ಸೇವಿಸಿದವರಲ್ಲಿ ತೊಡೆ ಸಣ್ಣಗಾಗಿ ನೋವು ಕಾಣಿಸಿತು. 1990ರಲ್ಲಿ ಮರಿನೊಸ್ ದಲಾಕಾಸ್ ಮತ್ತಿತರರು ಇವರ ಸ್ನಾಯುವಿನ ಚೂರುಗಳನ್ನು ಬಣ್ಣಹಾಕಿ ಸೂಕ್ಷ್ಮದರ್ಶಕದಡಿ ನೋಡಿದಾಗ ತಂತುಗಳ ಅಂಚಿನಲ್ಲಿ ಕೆಂಪಗೆ ಹರಿದ ಜೂಲಿನಂಥ ರಚನೆ ಕಂಡಿತು. ಕೆಟ್ಟುಹೋದ ಮೈಟೊಕಾಂಡ್ರಿಯಗಳು ಗುಂಪುಗೂಡಿದ ಗುರುತು ಅದು. ವೈರಸ್‌ನ ಕಿಣ್ವವನ್ನು ತಡೆಯಲೆಂದು ರೂಪಿಸಿದ ಔಷಧ, ಮೈಟೊಕಾಂಡ್ರಿಯ ತನ್ನ ಡಿಎನ್‌ಎ ನಕಲು ಮಾಡಲು ಬಳಸುವ ಪಾಲಿಮರೇಸ್ ಗಾಮಾ ಎಂಬ ಕಿಣ್ವವನ್ನೂ ತಡೆಯುತ್ತಿತ್ತು. ಔಷಧ ನಿಲ್ಲಿಸಿದರೆ ವಾರಗಳಲ್ಲೋ ತಿಂಗಳುಗಳಲ್ಲೋ ಬಲ ಮರಳುತ್ತಿತ್ತು. ಪ್ರಮಾಣ ಇಳಿಸಿದ ಮೇಲೆ ಈ ತೊಂದರೆ ವಿರಳವಾಯಿತು. ಭಾರತದಲ್ಲಿ ಜಿಡೊವುಡಿನ್ ದೀರ್ಘಕಾಲ ಬಳಕೆಯಲ್ಲಿತ್ತು. ಇಲ್ಲಿನ ವೈದ್ಯರು ಅದರಿಂದ ಹೆಚ್ಚಾಗಿ ಕಂಡದ್ದು ರಕ್ತಹೀನತೆಯನ್ನು, ಅದು ತರುವ ದಣಿವನ್ನು.

ಸ್ಟಾವುಡಿನ್‌ನ ಕಥೆ ಇನ್ನೂ ಕೆಟ್ಟದ್ದು. ಅಗ್ಗವೆಂಬ ಕಾರಣಕ್ಕೆ ಬಡ ದೇಶಗಳಿಗೆಲ್ಲ ಹೋದ ಈ ಗುಳಿಗೆ ನರಗಳ ತುದಿಯನ್ನು ಹಾಳುಮಾಡುತ್ತಿತ್ತು. ಪಾದ ಉರಿ, ಜೋಮು, ಸೂಜಿ ಚುಚ್ಚಿದ ಹಾಗೆ ನೋವು. ಕಾಲಿನಿಂದ ಚಪ್ಪಲಿ ಕಳಚಿದ್ದು ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಹಿಂದಿರುಗಿ ನೋಡುವುದು ಈ ನರದೋಷದ ಸಾಮಾನ್ಯ ಚಿಹ್ನೆ. ಪಾದದ ಅರಿವೇ ಇಲ್ಲದಿದ್ದರೆ ಸ್ನಾಯು ಗಟ್ಟಿಯಿದ್ದರೂ ನಡಿಗೆ ನಂಬಿಕೆಗೆ ಬಾರದು. ಬೀಳುವ ಭಯದಿಂದ ಓಡಾಟ ಕಡಿಮೆಯಾಗಿ ಸ್ನಾಯುವೂ ಸೊರಗುತ್ತದೆ. ಅದೇ ಔಷಧ ಕೆನ್ನೆ, ಕೈಕಾಲುಗಳ ಕೊಬ್ಬನ್ನು ಕರಗಿಸುತ್ತಿತ್ತು. ಉಬ್ಬಿದ ರಕ್ತನಾಳ, ಕುಳಿಬಿದ್ದ ಕೆನ್ನೆ ನೋಡಿದವರು ಸ್ನಾಯು ಕರಗಿದೆ ಎಂದುಕೊಂಡರೂ ಹೋದದ್ದು ಕೊಬ್ಬು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕೈಬಿಡುವಂತೆ ಹೇಳಿದ ಮೇಲೆ 2010ರ ನಂತರ ಬಳಕೆ ಇಳಿಯಿತು. ಆದರೆ ಹಾಳಾದ ನರ ಅನೇಕರಲ್ಲಿ ಪೂರ್ತಿ ಸರಿಹೋಗಲಿಲ್ಲ. ಅದಕ್ಕೂ ಮೊದಲು ಚಿಕಿತ್ಸೆ ಶುರುಮಾಡಿದವರ ಕಾಲುಗಳಲ್ಲಿ ಅದು ಇಂದಿಗೂ ಉಳಿದಿದೆ. ಎಚ್‌ಐವಿ ತಾನಾಗಿಯೂ ಇಂಥದೇ ನರದೋಷ ತರುತ್ತದೆ. ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್ ಸಹ ತರಬಲ್ಲದು, ಅದಕ್ಕೇ ಅದರ ಜೊತೆ ಬಿ6 ಜೀವಸತ್ವ ಕೊಡುತ್ತಾರೆ.

ಬೆನ್ನುಹುರಿಯ ಕಾಯಿಲೆಯಿಂದ ಕಾಲುಗಳು ಬಿಗಿಯಾಗಿ ಸೋಲುವುದುಂಟು. ಮುಂದುವರಿದ ಸೋಂಕಿನಲ್ಲಿ ಬೆನ್ನುಹುರಿ ತಾನೇ ಜಾಳಾಗುವ ಕಾಯಿಲೆ ಒಂದಾದರೆ, ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯವನ್ನು ಮರೆಯುವಂತಿಲ್ಲ. ಸೋಂಕು ತಗುಲಿದ ಹೊಸದರಲ್ಲಿ ಗಿಯನ್-ಬಾರೆ ರೋಗದಿಂದ ಕೆಲವೇ ದಿನಗಳಲ್ಲಿ ಕೈಕಾಲು ಬಿದ್ದುಹೋದವರಿದ್ದಾರೆ.

ಈಗಿನ ಔಷಧಗಳು ಬಹುಮಟ್ಟಿಗೆ ಸಾಧು. ಆದರೂ ಅವುಗಳಲ್ಲೊಂದಾದ ಟೆನೊಫೊವಿರ್ ಕೆಲವರಲ್ಲಿ ಮೂತ್ರಪಿಂಡದ ನಾಳಗಳನ್ನು ಕೆಡಿಸಿ ರಂಜಕದ ಲವಣ ಸೋರಿಹೋಗುವಂತೆ ಮಾಡುತ್ತದೆ. ಆಗ ಎಲುಬು ಮೆದುವಾಗಿ, ಸೊಂಟ ನೋವಿನೊಂದಿಗೆ ತೊಡೆಯ ಬಲ ಹೋಗಿ, ನಡಿಗೆ ಬಾತುಕೋಳಿಯ ನಡಿಗೆಯಾಗುತ್ತದೆ. ವಾತವೆಂದು ನೋವಿನ ಗುಳಿಗೆ ತಿಂದು ತಿಂಗಳುಗಳನ್ನು ಕಳೆಯುವವರಿಗೆ ರಕ್ತದ ಫಾಸ್ಫೇಟ್ ಪರೀಕ್ಷೆಯೊಂದು ಕಾರಣ ತೋರಿಸಬಲ್ಲದು. ಔಷಧ ಬದಲಿಸಿ ಕೊರತೆ ತುಂಬಿದರೆ ಗುಣವಾಗುತ್ತದೆ. ರಾಲ್ಟೆಗ್ರವಿರ್ ಕೆಲವೊಮ್ಮೆ ಸ್ನಾಯುಕಿಣ್ವವನ್ನು ಏರಿಸುತ್ತದೆ. ಕೊಲೆಸ್ಟೆರಾಲ್‌ಗೆ ಕೊಡುವ ಸಿಮ್ವಸ್ಟಾಟಿನ್ ಅನ್ನು ಎಚ್‌ಐವಿ ಔಷಧ ರಿಟೊನವಿರ್ ಜೊತೆ ಸೇರಿಸಿದರೆ ಸ್ನಾಯುಗಳೇ ಕರಗಿ ಮೂತ್ರಪಿಂಡ ಸೋಲುವ ಅಪಾಯವಿದೆ, ಆದ್ದರಿಂದ ಆ ಜೋಡಿ ನಿಷಿದ್ಧ. ಖಾಸಗಿ ವೈದ್ಯರ ಬಳಿ ತಮ್ಮ ಸೋಂಕನ್ನು ಮುಚ್ಚಿಟ್ಟು ಬೇರೆ ಔಷಧ ಬರೆಸಿಕೊಳ್ಳುವವರಿಗೆ ಈ ಅಪಾಯ ಹೆಚ್ಚು. ಮುಚ್ಚಿಡುವಂತೆ ಮಾಡಿದ್ದು ಕಳಂಕದ ಭಯ ಎಂಬುದನ್ನೂ ಸೇರಿಸಿ ಹೇಳಬೇಕು.

ವೈರಸ್ ಅಡಗಿದ ಮೇಲೂ

ಕಾರಣ ಕಾಣದ, ನಿಧಾನವಾಗಿ ಬರುವ ದೌರ್ಬಲ್ಯವೇ ಇಂದಿನ ಮುಖ್ಯ ಸಮಸ್ಯೆ. ಸೋಂಕಿನ ಆರಂಭದ ವಾರಗಳಲ್ಲೇ ಕರುಳಿನ ಗೋಡೆಯ ರಕ್ಷಣಾಕೋಶಗಳು ಭಾರೀ ಪ್ರಮಾಣದಲ್ಲಿ ನಾಶವಾಗುತ್ತವೆ. ಚಿಕಿತ್ಸೆಯಿಂದಲೂ ಆ ಗೋಡೆ ಪೂರ್ತಿ ದುರಸ್ತಿಯಾಗದೆ, ಬ್ಯಾಕ್ಟೀರಿಯಗಳ ತುಣುಕುಗಳು ರಕ್ತಕ್ಕೆ ಸೋರುತ್ತಲೇ ಇದ್ದು, ದೇಹ ಸದಾ ಸಣ್ಣ ಉರಿಯೂತದಲ್ಲಿರುತ್ತದೆ. ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕಗಳು ಸ್ನಾಯುವಿನ ಪ್ರೋಟೀನ್ ಕಟ್ಟುವ ಕೆಲಸವನ್ನು ಕುಗ್ಗಿಸಿ, ಒಡೆಯುವ ಕೆಲಸವನ್ನು ಹೆಚ್ಚಿಸುತ್ತವೆ. ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಇಳಿಕೆ, ಹೆಂಗಸರಲ್ಲಿ ಮುಟ್ಟು ನಿಲ್ಲುವುದು, ಡಿ ಜೀವಸತ್ವದ ಕೊರತೆ, ಕುಡಿತ, ಹೊಗೆಸೊಪ್ಪು ಇದಕ್ಕೆ ಕೂಡಿಕೊಳ್ಳುತ್ತವೆ. ಸಿಡಿ4 ಒಮ್ಮೆ ತೀರಾ ಕೆಳಗಿಳಿದಿದ್ದರೆ ಆಮೇಲೆ ಏರಿದರೂ ಅದರ ಕುರುಹು ಉಳಿಯುತ್ತದೆ. ಭಾರತದಲ್ಲಿ ಮೊದಲು ಮುಖ್ಯವಾಗಿ ಎಣಿಕೆ 200ಕ್ಕಿಂತ ಕೆಳಗಿದ್ದವರಿಗೆ ಔಷಧ ಸಿಗುತ್ತಿತ್ತು. ಸೋಂಕು ತಿಳಿದ ಕೂಡಲೇ ಎಲ್ಲರಿಗೂ ಎಂಬ ನೀತಿ ಬಂದದ್ದು 2017ರಲ್ಲಿ. ಹಾಗಾಗಿ ಈಗ ಐವತ್ತು ದಾಟಿದ ಬಹುಪಾಲು ಸೋಂಕಿತರು ತಡವಾಗಿ ಶುರುಮಾಡಿದವರು.

ಅಮೆರಿಕದ ನಾಲ್ಕು ನಗರಗಳಲ್ಲಿ 1984ರಿಂದ ಸೋಂಕಿತ ಮತ್ತು ಸೋಂಕಿಲ್ಲದ ಗಂಡಸರನ್ನು ಒಟ್ಟಿಗೆ ಅನುಸರಿಸಿದ ದೀರ್ಘ ಅಧ್ಯಯನವೊಂದು ಈ ವಿಷಯದಲ್ಲಿ ಬಹಳ ತಿಳಿಸಿದೆ. ಕಾರಣವಿಲ್ಲದ ತೂಕ ಇಳಿಕೆ, ಬಳಲಿಕೆ, ಹಿಡಿತದ ಬಲ ಕುಂದುವುದು, ನಿಧಾನ ನಡಿಗೆ, ಕಡಿಮೆ ಚಟುವಟಿಕೆ ಈ ಐದರಲ್ಲಿ ಮೂರಿದ್ದರೆ ಅದು ಮುಪ್ಪಿನ ಜರ್ಝರತೆ ಎಂದು ವೃದ್ಧಾಪ್ಯ ತಜ್ಞೆ ಲಿಂಡಾ ಫ್ರೀಡ್ 2001ರಲ್ಲಿ ಸೂತ್ರ ಹಾಕಿಕೊಟ್ಟಿದ್ದರು. ಅದಕ್ಕೆ ಹತ್ತಿರದ ಲಕ್ಷಣಗಳು ಸೋಂಕಿತರಲ್ಲಿ ಸುಮಾರು ಹತ್ತು ವರ್ಷ ಮೊದಲೇ ಕಾಣಿಸುತ್ತವೆಂದು ಈ ಅಧ್ಯಯನ 2007ರಲ್ಲಿ ತೋರಿಸಿತು. ನಡಿಗೆಯ ವೇಗ, ಹಿಡಿತದ ಬಲ ವರ್ಷದಿಂದ ವರ್ಷಕ್ಕೆ ಇಳಿಯುವ ಗತಿಯೂ ಅವರಲ್ಲಿ ಹೆಚ್ಚೆಂದು ಮುಂದಿನ ವರದಿಗಳು ಹೇಳಿದವು. ಹೆಂಗಸರ ಬಗ್ಗೆ ಮಾಹಿತಿ ಇದಕ್ಕಿಂತ ತೆಳು.

ಇತ್ತ ತೂಕದ ಕಥೆ ತಿರುಗಿಬಿದ್ದಿದೆ. ಜೊಹಾನ್ಸ್‌ಬರ್ಗ್‌ನ ‘ಅಡ್ವಾನ್ಸ್’ ಪ್ರಯೋಗದಲ್ಲಿ (2019) ಡೊಲುಟೆಗ್ರವಿರ್ ಆಧಾರಿತ ಔಷಧ ತೆಗೆದುಕೊಂಡವರ, ಅದರಲ್ಲೂ ಹೆಂಗಸರ, ತೂಕ ಗಣನೀಯವಾಗಿ ಏರಿತು. ಭಾರತದ ಕಾರ್ಯಕ್ರಮದಲ್ಲೂ ಈಗ ಇದೇ ಮುಖ್ಯ ಔಷಧ. ಸೊರಗಿದ್ದವರು ಮೈತುಂಬಿಕೊಂಡರೆ ಮನೆಯವರಿಗೂ ಆಪ್ತ ಸಮಾಲೋಚಕರಿಗೂ ಸಂತೋಷವೇ. ಆದರೆ ಏರಿದ ತೂಕದ ದೊಡ್ಡ ಪಾಲು ಕೊಬ್ಬು. ಅದು ಹೊಟ್ಟೆಯ ಸುತ್ತ ಮಾತ್ರವಲ್ಲದೆ ಸ್ನಾಯುವಿನ ಎಳೆಗಳ ನಡುವೆಯೂ ಸೇರುತ್ತದೆ. ಹೀಗೆ ಮೈ ಭಾರವಾಗಿ ಕಾಲು ದುರ್ಬಲವಾದವರು ತಕ್ಕಡಿಯ ಮೇಲೆ ಆರೋಗ್ಯವಂತರಾಗಿ ಕಾಣುತ್ತಾರೆ.

ಅಳೆಯುವುದು ಹೇಗೆ

ಸ್ನಾಯುಕ್ಷಯದ ವ್ಯಾಖ್ಯೆಯಲ್ಲಿ ಗಾತ್ರಕ್ಕಿಂತ ಬಲಕ್ಕೆ ಮೊದಲ ಸ್ಥಾನ ಕೊಡಬೇಕೆಂದು ಯುರೋಪಿನ ತಜ್ಞರು 2018ರಲ್ಲಿ ತೀರ್ಮಾನಿಸಿದರು. ಏಷ್ಯಾದ ಕಾರ್ಯತಂಡದ 2019ರ ಮಾನದಂಡದಂತೆ ಕೈಹಿಡಿತದ ಬಲ ಗಂಡಸರಲ್ಲಿ 28 ಕಿಲೊ, ಹೆಂಗಸರಲ್ಲಿ 18 ಕಿಲೊಗಿಂತ ಕಡಿಮೆಯಿದ್ದರೆ ದೌರ್ಬಲ್ಯ. ಅಳೆಯುವ ಡೈನಮೊಮೀಟರ್ ಅಂಗೈಯಲ್ಲಿ ಹಿಡಿದು ಹಿಸುಕುವ ಪುಟ್ಟ ಸಾಧನ. ಒಂದು ನಿಮಿಷ ಸಾಕು. ಅದೂ ಇಲ್ಲದಿದ್ದರೆ ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ ತೊಂದರೆಯಿದೆಯೆಂದು ಅರ್ಥ. ಆರು ಮೀಟರ್ ದೂರವನ್ನು ಸೆಕೆಂಡಿಗೆ ಒಂದು ಮೀಟರಿಗಿಂತ ನಿಧಾನವಾಗಿ ನಡೆಯುವುದೂ ಹಾಗೆಯೇ. ಈ ಅಂಕಿಗಳು ಮುದುಕರಿಗೆಂದು ರೂಪಿತವಾದವು. ನಲವತ್ತರ ಹರೆಯದ ಕೂಲಿಯಾಳು ಇವುಗಳಲ್ಲಿ ಪಾಸಾಗಿಯೂ ತನ್ನ ಕೆಲಸಕ್ಕೆ ಸಾಲದಷ್ಟು ದುರ್ಬಲನಿರಬಹುದು; ಅವನನ್ನು ಅವನದೇ ಹಿಂದಿನ ಅಳತೆಯೊಂದಿಗೆ ಹೋಲಿಸುವುದು ಹೆಚ್ಚು ನ್ಯಾಯ. ಅದಕ್ಕೆ ಹಿಂದಿನ ಅಳತೆ ಇರಬೇಕಷ್ಟೆ.

ಬದುಕಿನ ಗುಣಮಟ್ಟ

ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿ ಸೋಂಕಿತರಿಗೆಂದೇ ಬದುಕಿನ ಗುಣಮಟ್ಟದ ಪ್ರಶ್ನಾವಳಿಯನ್ನು ರೂಪಿಸಿದೆ. ಅದನ್ನು ಪರೀಕ್ಷಿಸಿದ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. 31 ಪ್ರಶ್ನೆಗಳ ಅದರ ಕಿರು ರೂಪ ದೈಹಿಕ ಸ್ಥಿತಿ, ಮನಸ್ಸು, ಸ್ವಾವಲಂಬನೆ, ಸಂಬಂಧಗಳು, ಪರಿಸರ ಮತ್ತು ನಂಬಿಕೆ ಎಂಬ ಆರು ವಲಯಗಳನ್ನು ಕೇಳುತ್ತದೆ. ಜನರು ತಮ್ಮನ್ನು ಒಪ್ಪಿಕೊಳ್ಳುತ್ತಾರೆಯೆ, ಮುಂದಿನ ದಿನಗಳ ಭಯವಿದೆಯೆ, ಸೋಂಕಿನ ಬಗ್ಗೆ ದೂಷಣೆಯ ಭಾವವಿದೆಯೆ, ಸಾವಿನ ಚಿಂತೆ ಕಾಡುತ್ತದೆಯೆ ಎಂಬವು ಸಾಮಾನ್ಯ ಪ್ರಶ್ನಾವಳಿಗಳಲ್ಲಿ ಇಲ್ಲದ, ಇದರಲ್ಲಿ ಮಾತ್ರ ಸೇರಿಸಿದ ಅಂಶಗಳು.

ಸ್ನಾಯುಬಲ ಇವುಗಳಲ್ಲಿ ದೈಹಿಕ ವಲಯಕ್ಕಷ್ಟೇ ಸೇರಿದ್ದೆಂದು ತೋರಬಹುದು. ಹಾಗಲ್ಲ. ಬಾಗಲಕೋಟೆ, ಬೆಳಗಾವಿಗಳ ಕಬ್ಬಿನ ಸೀಮೆಯಲ್ಲಿ ಕಡಿದ ಟನ್ ಲೆಕ್ಕಕ್ಕೆ ಕೂಲಿ; ಬಲ ಇಳಿದಷ್ಟೂ ಸಂಪಾದನೆ ನೇರವಾಗಿ ಇಳಿಯುತ್ತದೆ. ಕಬ್ಬು ಕಡಿಯುವವರು ಜೋಡಿಯಾಗಿ ದುಡಿಯುವುದರಿಂದ ಒಬ್ಬರ ಸೋಲು ಇನ್ನೊಬ್ಬರ ಮೈಮೇಲೆ ಬೀಳುತ್ತದೆ. ಗಂಡನನ್ನು ಇದೇ ರೋಗಕ್ಕೆ ಕಳೆದುಕೊಂಡು ತಾನೂ ಸೋಂಕಿತಳಾದ ಹೆಂಗಸಿಗೆ ಹಗುರ ಕೆಲಸಕ್ಕೆ ಬದಲಾಗುವ ಸೌಕರ್ಯವೂ ಇರುವುದಿಲ್ಲ. ‘ಯಾಕೆ, ಮೈಗೆ ಹುಷಾರಿಲ್ಲವಾ?’ ಎಂಬ ನೆರೆಯವರ ಪ್ರಶ್ನೆಗೇ ಹೆದರಿ ಬಲ ಮೀರಿ ದುಡಿಯುವವರುಂಟು. ಕೆಲಸ ಬಿಟ್ಟವರು ಮನೆಯೊಳಗೆ ಸೇರುತ್ತಾರೆ, ಖಿನ್ನತೆ ಬರುತ್ತದೆ, ಓಡಾಟವಿಲ್ಲದೆ ಬಲ ಮತ್ತೂ ಇಳಿಯುತ್ತದೆ. ಇದರಲ್ಲಿ ಯಾವುದು ಮೊದಲು ಯಾವುದು ನಂತರ ಎಂದು ಒಮ್ಮೆ ಮಾತ್ರ ಅಳೆಯುವ ಸಮೀಕ್ಷೆಗಳು ಹೇಳಲಾರವು.

ಟೊರಾಂಟೊದ ಭೌತಚಿಕಿತ್ಸಾ ತಜ್ಞೆ ಕೆಲ್ಲಿ ಓಬ್ರಿಯನ್ ಮತ್ತು ಸಂಗಡಿಗರು 2008ರಲ್ಲಿ ಸೋಂಕಿತರ ಅನುಭವದಿಂದಲೇ ಕಟ್ಟಿದ ಪರಿಕಲ್ಪನೆ ಇಲ್ಲಿ ಉಪಯುಕ್ತ. ಅದರ ಪ್ರಕಾರ ಸೋಂಕಿತರ ಅಂಗವೈಕಲ್ಯ ಬಂದು ಹೋಗುವಂಥದ್ದು. ಇವತ್ತು ಗಟ್ಟಿ, ನಾಳೆ ಹಾಸಿಗೆ. ನಾಳೆ ಹೇಗಿರುತ್ತೇನೋ ಎಂಬ ಅನಿಶ್ಚಿತತೆಯೇ ಅದರ ಒಂದು ಭಾಗ. ವೈರಸ್ ಹತೋಟಿಗೆ ಬಂದವರಲ್ಲೂ ಬದುಕಿನ ಗುಣಮಟ್ಟ ಒಂದು ಗುರಿಯಾಗಬೇಕೆಂದು, ಪತ್ತೆ, ಚಿಕಿತ್ಸೆ, ವೈರಸ್ ಹತೋಟಿ ಮೂರರಲ್ಲೂ ಶೇ. 90 ಸಾಧಿಸಬೇಕೆಂಬ ವಿಶ್ವಸಂಸ್ಥೆಯ ಆಗಿನ ಗುರಿಗಳಿಗೆ ‘ನಾಲ್ಕನೆಯ ತೊಂಬತ್ತು’ ಸೇರಿಸಬೇಕೆಂದು 2016ರಲ್ಲಿ ಕೆಲವು ತಜ್ಞರು ಕೇಳಿದರು.

ಚಿಕಿತ್ಸೆ

ಮೊದಲ ಕೆಲಸ ಕಾರಣ ಹುಡುಕುವುದು. ಮೇಲೆ ಹೇಳಿದ ಹಲವು ಕಾರಣಗಳು ಗುಣವಾಗುವಂಥವು. ಔಷಧಗಳ ವಿಷಯಕ್ಕೆ ಬಂದರೆ, ಸೊರಗುವ ರೋಗದ ಕಾಲದಲ್ಲಿ ಹಸಿವು ಹೆಚ್ಚಿಸಲು ಬಂದ ಮೆಜೆಸ್ಟ್ರಾಲ್ ತೂಕ ಏರಿಸಿತು, ಏರಿದ್ದು ಹೆಚ್ಚಾಗಿ ಕೊಬ್ಬು. 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಬೆಳವಣಿಗೆಯ ಹಾರ್ಮೋನು ಸ್ನಾಯು ಬೆಳೆಸುತ್ತದೆ. ಬೆಲೆ ಕೈಗೆಟುಕದು, ಸಕ್ಕರೆ ಏರುವ ತೊಂದರೆ ಬೇರೆ. ತೂಕ ಇಳಿದ, ಟೆಸ್ಟೊಸ್ಟೆರಾನ್ ಕಡಿಮೆಯಿದ್ದ ಗಂಡಸರ ಮೇಲೆ ಶಲೇಂದರ್ ಭಾಸಿನ್ ಮತ್ತಿತರರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಟೆಸ್ಟೊಸ್ಟೆರಾನ್ ಚುಚ್ಚುಮದ್ದೂ ಭಾರ ಎತ್ತುವ ವ್ಯಾಯಾಮವೂ ಬಲ ಹೆಚ್ಚಿಸಿದವು. ಎರಡನ್ನೂ ಸೇರಿಸಿದರೆ ಹೆಚ್ಚಿನ ಲಾಭ ಕಾಣಲಿಲ್ಲ. ವ್ಯಾಯಾಮಕ್ಕೆ ಇದಕ್ಕಿಂತ ಒಳ್ಳೆಯ ಶಿಫಾರಸು ಬೇಕಿಲ್ಲ.

ಓಬ್ರಿಯನ್ ತಂಡ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಮಾಡಿದ ವಿಮರ್ಶೆಗಳೂ ಅದನ್ನೇ ಹೇಳುತ್ತವೆ: ಸ್ಥಿರ ಸ್ಥಿತಿಯಲ್ಲಿರುವ ಸೋಂಕಿತರಿಗೆ ವ್ಯಾಯಾಮ ಅಪಾಯಕಾರಿಯಲ್ಲ, ವಾರಕ್ಕೆ ಮೂರು ದಿನ ಆರು ವಾರವಾದರೂ ಮಾಡಿದವರಲ್ಲಿ ಬಲವೂ ದಮ್ಮೂ ಹೆಚ್ಚುತ್ತವೆ, ಬದುಕಿನ ಗುಣಮಟ್ಟದ ಕೆಲವು ಅಂಶಗಳೂ ಸುಧಾರಿಸುತ್ತವೆ. ಮುಖ್ಯವಾದದ್ದು ಭಾರವನ್ನು ಕ್ರಮೇಣ ಏರಿಸುತ್ತ ಹೋಗುವುದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು ಸುಲಭವಾದ ಮೇಲೆ ಮಡಿಲಲ್ಲಿ ಎರಡು ಲೀಟರ್ ನೀರಿನ ಬಾಟಲಿ ಇಟ್ಟುಕೊಂಡು ಏಳಬಹುದು. ‘ದಿನವಿಡೀ ದುಡಿಯುವವರಿಗೆ ವ್ಯಾಯಾಮವೇಕೆ’ ಎಂಬ ಮಾತು ಹೊಲದಲ್ಲಿ ದುಡಿಯುವವರಿಂದ ಬರುತ್ತದೆ, ಅದರಲ್ಲಿ ಹುರುಳಿದೆ. ಅವರಿಗೆ ಬೇಕಾದದ್ದು ಕೆಲವೊಮ್ಮೆ ವಿಶ್ರಾಂತಿ ಮತ್ತು ಊಟ.

ಊಟದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೇಳಿದ್ದು ಸರಳ. ಲಕ್ಷಣಗಳಿಲ್ಲದ ಸೋಂಕಿತರಿಗೆ ಶೇ. 10ರಷ್ಟು, ಲಕ್ಷಣಗಳಿರುವ ವಯಸ್ಕರಿಗೆ ಶೇ. 20–30ರಷ್ಟು ಹೆಚ್ಚು ಶಕ್ತಿ ಬೇಕು; ಪ್ರೋಟೀನ್‌ನ ಪಾಲನ್ನು ಉಳಿದವರಿಗಿಂತ ಹೆಚ್ಚಿಸಬೇಕೆನ್ನಲು ಸಾಕಷ್ಟು ಪುರಾವೆಯಿಲ್ಲ. ಆದರೆ ಅನ್ನ-ಸಾರು, ರೊಟ್ಟಿ-ಚಟ್ನಿಯಲ್ಲಿ ದಿನ ಕಳೆಯುವ ಮನೆಗಳಲ್ಲಿ ಉಳಿದವರಿಗೆ ಹೇಳಿದಷ್ಟು ಪ್ರೋಟೀನೂ ಸಿಗುತ್ತಿರುವುದಿಲ್ಲ. ಅಲ್ಲಿ ಕಾಳು, ಶೇಂಗಾ, ಮೊಟ್ಟೆ, ಹಾಲು ಮಾಡುವ ಕೆಲಸವನ್ನು ಡಬ್ಬಿಯ ದುಬಾರಿ ಪುಡಿಗಳು ಹೆಚ್ಚು ಚೆನ್ನಾಗಿ ಮಾಡುವುದಿಲ್ಲ.

ಕಾನೂನು

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಎಚ್‌ಐವಿ ಇಲ್ಲ. ಬಂದು ಹೋಗುವ ದೌರ್ಬಲ್ಯಕ್ಕೆ ಪ್ರಮಾಣಪತ್ರ ಪಡೆಯುವುದು ಕಷ್ಟ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸೋಂಕಿತನನ್ನು ಕೆಲಸಕ್ಕೆ ಅನರ್ಹನೆಂದು ತೆಗೆಯಬೇಕಾದರೆ ಅರ್ಹ ವೈದ್ಯರ ಸ್ವತಂತ್ರ ಲಿಖಿತ ಮೌಲ್ಯಮಾಪನ ಬೇಕು. ಕೆಲಸದಲ್ಲಿ ಸಣ್ಣಪುಟ್ಟ ಹೊಂದಾಣಿಕೆ ಮಾಡಿಕೊಡಲು ಏಕೆ ಆಗದೆಂದು ಮಾಲೀಕ ಬರೆದುಕೊಡಬೇಕು. ಭಾರ ಎತ್ತುವ ಕೆಲಸದಿಂದ ಕುಳಿತು ಮಾಡುವ ಕೆಲಸಕ್ಕೆ ಬದಲಾಯಿಸಿಕೊಳ್ಳಲು ಕಾರ್ಖಾನೆ, ಕಚೇರಿಗಳ ನೌಕರರು ಈ ಮಾತನ್ನು ಆಧಾರವಾಗಿ ಹಿಡಿಯಬಹುದು. ಮೇಸ್ತ್ರಿಯ ಮಾತಿನ ಮೇಲೆ ದಿನಗೂಲಿಗೆ ಹೋಗುವವರಿಗೆ ಮಾಲೀಕ ಯಾರೆಂಬುದೇ ಬಹಳ ಸಲ ಗೊತ್ತಿರುವುದಿಲ್ಲ.